ಕೃಷ್ಣನಿಗಿಲ್ಲದ ಮಟ್ಟು

ಬೆಳಿಗ್ಗೆ ಗಡ್ಡ ಹೆರೆಯುವಾಗ ಏನನ್ನಾದರೂ ಗುನುಗುವ ಚಾಳಿ ನನಗಿದೆ. ಗುನುಗುವುದೇನೂ ಅಪರಾಧವಲ್ಲ, ನೀವೂ ಗುನುಗುತ್ತೀರಿ. ಆದರೆ ನನ್ನ ಬಾಯಿಗೆ ತಾನಾಗಿ ಬರುವ ಮಟ್ಟು ಕೇಳಿದರೆ ನನ್ನ ಹೆಂಡತಿ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿಬರುತ್ತಾಳೆ. ‘ಬೆಳ್‌ಬೆಳಿಗ್ಗೇನೇ ಅದನ್ನ ಯಾಕೆ ಎತ್ತೀರಿ? ಮನೇಲಿ ಮಕ್ಳು ಮರಿ ಇರಾದು ಕಾಣಾಕಿಲ್ವ?’ ಎನ್ನುತ್ತಾಳೆ. ಮನೆಯಲ್ಲಿರುವ ಒಬ್ಬಳೇ ಮಗಳು ಬಿ.ಎಡ್. ಓದುತ್ತಿದ್ದಾಳೆ, ಮರಿ ಎಂದರೆ ಬೆಕ್ಕಿನದು. ಆದರೂ ನಾನು ಬಾಯಿ ಮುಚ್ಚುತ್ತೇನೆ. ಏಕೆಂದರೆ ಅದು ಸಾವಿನ ಮಟ್ಟು.

ಮಟ್ಟೇನೂ ದೊಡ್ಡದಲ್ಲ. ಶುರುವಾಗುವುದು ನಾಲ್ಕೇ ಸ್ವರದಲ್ಲಿ. ಬಾವಿಗೆ ಇಳಿಯುವವನು ಒಂದು ಮೆಟ್ಟಿಲು ಇಳಿದು, ಏನೋ ಮರೆತವನಂತೆ ಮತ್ತೆ ಮೇಲೆ ಹತ್ತಿ, ಆಮೇಲೆ ಸರಿ ಬಿಡು ಎಂದು ಎರಡು ಮೆಟ್ಟಿಲು ಒಟ್ಟಿಗೇ ಇಳಿದುಬಿಟ್ಟರೆ ಹೇಗಿರುತ್ತದೋ ಹಾಗೆ. ಕೂಟಗಲ್ಲಿನ ನಮ್ಮ ಕುರುಕ್ಷೇತ್ರ ನಾಟಕದ ತಂಡವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾರ್ಮೋನಿಯಂನಿಂದ ಈ ನಾಲ್ಕು ಸ್ವರ ಬಂದವೆಂದರೆ ಹೆಂಗಸರ ಕೈ ಸೆರಗಿಗೆ ಹೋಗುತ್ತದೆ. ಕರ್ಣ ಇನ್ನು ಉಳಿಯುವುದಿಲ್ಲ ಎಂದು ಅರ್ಥ.

ಇದನ್ನು ತಂದವರು ನಮ್ಮ ತಂಡದ ಇನ್ನಾಸಪ್ಪ ಮೇಷ್ಟ್ರು. ನಮ್ಮ ಕಡೆ ನಾಟಕದ ಮೇಷ್ಟ್ರು ಎಂದರೆ ಬರೀ ಹಾರ್ಮೋನಿಯಂ ನುಡಿಸುವವರಲ್ಲ. ಪಾರ್ಟು ಹಂಚುವವರು ಅವರೇ, ತಾಲೀಮು ಕೊಡುವವರು ಅವರೇ, ಮಾತು ಮರೆತರೆ ಬೈಯುವವರೂ ಅವರೇ. ಇನ್ನಾಸಪ್ಪನವರ ಜಾಣತನ ಏನೆಂದರೆ, ಕರ್ಣ ಸಾಯುವಾಗ ಮಾತ್ರ ಆ ಮಟ್ಟು ನುಡಿಸಿದವರಲ್ಲ. ನಾಟಕದ ಮೊದಲಲ್ಲಿ ಕರ್ಣ ಮೀಸೆ ತಿರುವಿಕೊಂಡು ನಗುತ್ತ ಕವಚ ಕುಂಡಲ ಕಿತ್ತುಕೊಡುತ್ತಾನಲ್ಲ, ಆಗಲೇ ಒಂದು ಸಲ ಮೆಲ್ಲಗೆ ಆ ನಾಲ್ಕು ಸ್ವರ. ಕುಂತಿ ಬಂದು ತಲೆ ಸವರಿದಾಗ ಇನ್ನೊಂದು ಸಲ. ಪಾಪ, ಕರ್ಣನಿಗೆ ಏನೂ ಗೊತ್ತಿಲ್ಲ, ಹಾರ್ಮೋನಿಯಂಗೆ ಎಲ್ಲಾ ಗೊತ್ತು. ಕೊನೆಗೆ ರಥದ ಗಾಲಿ ಹೂತುಹೋದ ಮೇಲೆ ಮಟ್ಟನ್ನು ಪೂರ್ತಿ ಬಿಚ್ಚುವ ಹೊತ್ತಿಗೆ, ಜನ ಅಳುವುದಕ್ಕೆ ಬೆಳಗಿನಿಂದಲೇ ತಯಾರಾಗಿರುತ್ತಾರೆ.

ಬೆಳಗಿನಿಂದ ಎಂದೆ. ಹೌದು, ಈಗ ನಮ್ಮ ನಾಟಕಗಳೆಲ್ಲ ಹಗಲಿನಲ್ಲೇ. ರಾಮನಗರದಲ್ಲೋ ಚನ್ನಪಟ್ಟಣದಲ್ಲೋ ಒಂದು ಹಾಲ್ ಹಿಡಿದು ಬೆಳಿಗ್ಗೆ ಪರದೆ ಎತ್ತಿದರೆ ದೀಪ ಹಚ್ಚುವ ಹೊತ್ತಿಗೆ ದುರ್ಯೋಧನನ ತೊಡೆ ಮುರಿದಿರಬೇಕು. ಇಲ್ಲದಿದ್ದರೆ ಹಾಲಿನವರು ಬಂದು ಫ್ಯೂಸ್ ಕೀಳುತ್ತಾರೆ.

ಈ ನಾಟಕದಲ್ಲಿ ನನ್ನದು ಕೃಷ್ಣನ ಪಾರ್ಟು. ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿರುವುದರಿಂದ ಬೆಣ್ಣೆಗೂ ನನಗೂ ನಂಟಿದೆ ಎಂದು ಜನ ತಮಾಷೆ ಮಾಡುತ್ತಾರೆ. ನಿಜವಾದ ಕಾರಣ ನನ್ನ ಮುಖ ದುಂಡಗಿದೆ, ಎತ್ತರ ಕಡಿಮೆ, ಮೀಸೆ ಬಿಟ್ಟರೂ ಅಂಟಿಸಿದ ಹಾಗೆ ಕಾಣುತ್ತದೆ. ಕೃಷ್ಣನಿಗೆ ಏನು ಕಡಿಮೆ ಎನ್ನುತ್ತೀರಿ? ಕಂದ ಪದ್ಯಗಳಿವೆ, ನವಿಲುಗರಿಯಿದೆ, ಎಲ್ಲ ಸೀನಿಗೂ ನುಗ್ಗುವ ಸ್ವಾತಂತ್ರ್ಯವಿದೆ. ಒಂದೇ ಒಂದು ಕೊರತೆ. ಕೃಷ್ಣ ಸಾಯುವುದಿಲ್ಲ. ಸಾಯದವನಿಗೆ ಆ ಮಟ್ಟು ಇಲ್ಲ, ಮಟ್ಟು ಇಲ್ಲದವನಿಗೆ ಯಾರೂ ಅಳುವುದಿಲ್ಲ.

ಕರ್ಣನ ಪಾರ್ಟು ಪುಟ್ಟಸ್ವಾಮಿಯದು. ಪುಟ್ಟಸ್ವಾಮಿ ಹೊಂಗನೂರಿನವನು, ರೇಷ್ಮೆ ಬೆಳೆಗಾರ, ನನ್ನ ಷಡ್ಡಕ. ಅವನ ಹೆಂಡತಿ ಜಯಮ್ಮ ನನ್ನ ಹೆಂಡತಿಯ ಅಕ್ಕ. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ಎದುರಿಗೆ ಅಣ್ಣ ಎನ್ನುತ್ತೇನೆ. ಇಲ್ಲಿ ಮಾತ್ರ ಅವನು, ಇವನು ಎಂದೇ ಬರೆಯುತ್ತೇನೆ, ಅಷ್ಟಾದರೂ ನನಗೆ ಸಮಾಧಾನ ಬೇಡವೇ?

ಅವನು ಸಾಯುವುದನ್ನು ನೀವು ನೋಡಬೇಕಿತ್ತು. ಬಾಣ ತಗುಲಿದ ತಕ್ಷಣ ದೊಪ್ಪನೆ ಬೀಳುವ ಜಾತಿಯವನಲ್ಲ. ಗಾಲಿಗೆ ಬೆನ್ನು ಕೊಟ್ಟು, ಒಂದು ಮಂಡಿ ಊರಿ, ಮಟ್ಟಿನ ಒಂದೊಂದು ಸಾಲಿಗೆ ಒಂದೊಂದು ಅಂಗ ಸೋತ ಹಾಗೆ ಮಾಡುತ್ತ, ಕೊನೆಯ ಸ್ವರಕ್ಕೆ ಸರಿಯಾಗಿ ತಲೆ ವಾಲಿಸುತ್ತಾನೆ. ಸಭೆಯಲ್ಲಿ ಸೊರಸೊರ ಎಂದು ಮೂಗು ಸೀಟುವ ಸದ್ದು. ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಸತ್ತ ಕರ್ಣ ಎದ್ದು ಕೂರುತ್ತಾನೆ. ನೆಂಟರಿಷ್ಟರು ಸ್ಟೇಜ್ ಹತ್ತಿ ಹಾರ ಹಾಕುತ್ತಾರೆ, ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಅವನು ಹಾರಗಳನ್ನು ತೆಗೆದು ಗಾಲಿಗೆ ನೇತುಹಾಕಿ, ಗಂಟಲು ಸರಿಮಾಡಿಕೊಂಡು, ಮೇಷ್ಟ್ರ ಕಡೆ ಕಣ್ಣು ಹೊಡೆದು ಇನ್ನೊಂದು ಸಲ ಸಾಯುತ್ತಾನೆ. ಅಷ್ಟು ಹೊತ್ತೂ ಪಕ್ಕದಲ್ಲಿ ನಾನು ಕೊಳಲು ಹಿಡಿದು, ಬಸ್ಸಿಗೆ ಕಾಯುವವನ ಹಾಗೆ, ಮುಗುಳ್ನಗುತ್ತ ನಿಂತಿರಬೇಕು. ದೇವರಲ್ಲವೇ, ಮುಖ ಗಂಟು ಹಾಕುವ ಹಾಗಿಲ್ಲ. ಹೊಟ್ಟೆಯಲ್ಲಿ ಮಾತ್ರ ಧಗಧಗ ಉರಿಯುತ್ತಿರುತ್ತದೆ.

ಹೊಟ್ಟೆಕಿಚ್ಚು ಎಂದು ಬಾಯಿಬಿಟ್ಟು ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಈ ಕಿಚ್ಚು ನನಗೆ ಚಿಕ್ಕಂದಿನಿಂದ ಬಂದದ್ದು. ಕೂಟಗಲ್ಲಿನ ಕಣದಲ್ಲಿ ಹುಡುಗರು ನಾಟಕದಾಟ ಆಡುವಾಗ ಎಲ್ಲರಿಗೂ ಸಾಯುವುದೇ ಬೇಕು. ಜೋಳದ ದಂಟಿನ ಬಿಲ್ಲು, ಹುಣಸೆ ಬರಲಿನ ಬಾಣ, ಬಾಯಲ್ಲೇ ಹಾರ್ಮೋನಿಯಂ. ಬಿದ್ದವನ ಮೇಲೆ ಹೆಣ್ಣುಮಕ್ಕಳು ಬೋರಲಾಗಿ ಬಿದ್ದು ಅಳುವ ಹಾಗೆ ಮಾಡುತ್ತಿದ್ದರು, ಒಬ್ಬಳು ಸೆರಗಿಲ್ಲದೆ ಅಳು ಬರುವುದಿಲ್ಲ ಎಂದು ಅವ್ವನ ಟವೆಲ್ ಹೊದ್ದುಕೊಂಡು ಬರುತ್ತಿದ್ದಳು. ನನ್ನ ಸರದಿ ಬಂದಾಗ ಮಾತ್ರ, ‘ಇವ್ನ ಗುರಿ ಚೆಂದಾಗೈತೆ, ಇವ್ನೇ ಬಾಣ ಬುಡ್ಲಿ’ ಎನ್ನುತ್ತಿದ್ದರು. ಅಂತೂ ಆಗಲೂ ನನ್ನದು ಕೊಲ್ಲುವ ಪಾರ್ಟೇ.

ಮಾಗಡಿ ಕಡೆಯ ಅತ್ತೆ ಮನೆಯಲ್ಲಂತೂ ಇದು ವಿಪರೀತಕ್ಕೆ ಹೋಯಿತು. ನಮ್ಮತ್ತೆ ನಾಟಕ ನೋಡಲು ಬಂದವರು ಹಿರಿಯಳಿಯ ಸತ್ತದ್ದಕ್ಕೆ ಎರಡು ದಿನ ಕೊರಗಿದರಂತೆ. ಮುಂದಿನ ವಾರ ನಾವಿಬ್ಬರೂ ಊಟಕ್ಕೆ ಕೂತಿದ್ದೇವೆ. ಮುದ್ದೆ, ನಾಟಿಕೋಳಿ ಸಾರು. ಅತ್ತೆ ಸೌಟಿನಲ್ಲಿ ತಡಕಾಡಿ ತಡಕಾಡಿ ಅವನ ತಟ್ಟೆಗೆ ತೊಡೆ ಹಾಕಿ, ‘ತಿನ್ನಪ್ಪ, ಆವತ್ತು ಬಿದ್ದಿದ್ದು ನೋಡಿ ನನ್ ಕರ್ಳು ಕಿತ್ತು ಬಂದ್ಬುಡ್ತು’ ಎಂದರು. ನನ್ನ ತಟ್ಟೆಗೆ ಕತ್ತಿನ ಮೂಳೆ. ನಾನು ನಗುನಗುತ್ತಲೇ, ‘ಅತ್ತೆ, ನಂಗೂ ಒಂದು ಪೀಸು’ ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ‘ನೀನು ಒಸಿ ತಡ್ದಿದ್ರೆ ಆ ಮಗ ಗಾಲಿ ಎತ್ಕತಿದ್ದ’ ಎಂದರು. ಪುಟ್ಟಸ್ವಾಮಿ ತಟ್ಟೆಯ ಕಡೆ ಬಗ್ಗಿ ಮುಸಿಮುಸಿ ನಗುತ್ತಿದ್ದ. ಅವನ ಭುಜ ಕುಣಿಯುವುದು ನನಗೆ ಕಾಣುತ್ತಿತ್ತು.

ಒಂದು ವರ್ಷ ತಡೆಯಲಾರದೆ ಮೇಷ್ಟ್ರ ಬಳಿ ಹೋದೆ. ಪ್ರತಿ ವರ್ಷ ತಾಲೀಮು ಶುರುವಾಗುವ ಮುಂಚೆ ನಮ್ಮವರೆಲ್ಲ ಕೆಂಗಲ್ ಆಂಜನೇಯನಿಗೆ ಪೂಜೆ ಮಾಡಿಸುತ್ತೇವೆ. ಮೇಷ್ಟ್ರು ಕ್ರೈಸ್ತರಾದರೂ ತಪ್ಪದೆ ಬಂದು, ಪ್ರಸಾದ ತಿಂದು, ರಸ್ತೆ ಬದಿಯ ಕಟ್ಟೆಯ ಮೇಲೆ ಕೂರುತ್ತಾರೆ. ಅಲ್ಲಿ ಹಿಡಿದೆ. ‘ಮೇಷ್ಟ್ರೇ, ಕೃಷ್ಣನೂ ಕೊನೆಗೆ ಬೇಡನ ಬಾಣಕ್ಕೆ ಸಿಕ್ಕಿ ಹೋಗ್ತಾನಲ್ಲ, ಅದೊಂದು ಸೀನು ಸೇರಿಸಿ’ ಎಂದೆ. ಅವರು ವಿಭೂತಿ ಪಟ್ಟೆಯ ಜನರ ನಡುವೆ ಶಿಲುಬೆಯ ದಾರ ಸರಿಮಾಡಿಕೊಳ್ಳುತ್ತ, ‘ಅದು ಮುಂದ್ಲ ಕತೆ ಕಣಪ್ಪ. ಅಷ್ಟೊತ್ಗೆ ಹಾಲ್ನೋರು ಬೀಗ ಹಾಕ್ಬುಟ್ಟಿರ್ತಾರೆ’ ಎಂದರು.

ಆವತ್ತೇ ಅವರು ಆ ಮಟ್ಟು ಎಲ್ಲಿಂದ ಬಂತೆಂದು ಹೇಳಿದ್ದು. ಅವರದು ಕನಕಪುರದ ಆಚೆ ಒಂದು ಹಳೆಯ ಕ್ರೈಸ್ತರ ಊರು. ಅವರು ಹುಡುಗರಾಗಿದ್ದಾಗ ಊರಲ್ಲಿ ಯಾರೇ ತೀರಿಕೊಳ್ಳಲಿ, ಹೆಣವನ್ನು ಚರ್ಚಿನೊಳಕ್ಕೆ ತಂದಾಗ ಲ್ಯಾಟಿನ್ ಭಾಷೆಯಲ್ಲಿ ಒಂದು ಹಾಡು ಹೇಳುತ್ತಿದ್ದರಂತೆ. ರಾಗಿ ಬೆಳೆಯುವ ಗೌಡರು ಮಕ್ಕಳು ಎಲ್ಲ ಸಾಲಾಗಿ ನಿಂತು ಹೇಳುತ್ತಿದ್ದರಂತೆ.

‘ಅರ್ಥ ಏನು ಮೇಷ್ಟ್ರೇ?’

‘ಯಾವನಿಗೆ ಗೊತ್ತು? ಫಾದ್ರು ಕಲ್ಸಿದ್ರು, ನಾವು ಯೋಳ್ದೊ. ಹೊಲದಲ್ಲಿ ಕಳೆ ಕೀಳ್ತಾ ಇರೋರ್ಗೆ ಅದು ಕೇಳಿದ್ರೆ ಸಾಕು, ಕುಡ್ಲು ಕೆಳಕಿಟ್ಬುಟ್ಟು, ಯಾರು ಹೋದ್ರೋ ಅನ್ನೋರು. ಆಮ್ಯಾಲೆ ಪೂಜೆ ಎಲ್ಲಾ ಕನ್ನಡಕ್ಕೆ ಬಂತು, ಆ ಹಾಡು ನಿಂತೋಯ್ತು. ನನ್ ಬೆರಳಲ್ಲಿ ಉಳ್ಕತು.’

ಇದನ್ನು ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಫೋನಿನಲ್ಲಿ ಹುಡುಕಿ ನನ್ನ ಕಿವಿಗೇ ಹಿಡಿದಳು. ಅದೇ ಬಾವಿಯ ಮೆಟ್ಟಿಲು! ನೂರಾರು ವರ್ಷ ಹಳೆಯದಂತೆ, ಯೂರೋಪಿನ ಸನ್ಯಾಸಿಗಳು ಹಾಡುತ್ತಿದ್ದದ್ದಂತೆ. ಈಗಲೂ ಅಲ್ಲಿಯವರ ಹಾಡುನಾಟಕಗಳಲ್ಲಿ ಯಾರಾದರೂ ಸಾಯುವುದಿದ್ದರೆ ವಾದ್ಯದವರು ಮೊದಲೇ ಎಲ್ಲೋ ಒಂದು ಮೂಲೆಯಲ್ಲಿ ಈ ಸ್ವರಗಳನ್ನು ಬಚ್ಚಿಟ್ಟು ನುಡಿಸುತ್ತಾರಂತೆ. ಅವಳು ಒಂದೊಂದೇ ತೋರಿಸುತ್ತ ಹೋದಳು. ಕೋಟು ಹಾಕಿದವನು ಸತ್ತ, ಲಂಗ ಹಾಕಿದವಳು ಸತ್ತಳು, ಕ್ಷೌರದ ಕತ್ತಿ ಹಿಡಿದವನೂ ಸತ್ತ. ಎಲ್ಲರಿಗೂ ಅದೇ ಮಟ್ಟು. ‘ಎಷ್ಟು ಚೆನ್ನಾಗಿದೆ ಅಲ್ವಾ ಅಪ್ಪಾ?’ ಎಂದಳು. ನನಗೆ ಸಂತೋಷವಾಗಬೇಕಿತ್ತು. ಆದರೆ ಇಡೀ ಪ್ರಪಂಚದಲ್ಲಿ ಕಂಡಕಂಡವರಿಗೆಲ್ಲ ಸಿಕ್ಕಿದ್ದು ನನಗೊಬ್ಬನಿಗೆ ಸಿಕ್ಕಿಲ್ಲವಲ್ಲ ಎಂದು ಹೊಟ್ಟೆ ಇನ್ನೂ ಉರಿಯಿತು. ಅಲ್ಲಿಯವರೆಗೆ ಹೊಂಗನೂರಿನವನ ಮೇಲಿದ್ದ ಕಿಚ್ಚು ಲಂಡನ್ನಿನವರೆಗೂ ಹಬ್ಬಿತು.

ಹೋದ ವರ್ಷ ರೇಷ್ಮೆಹುಳುವಿಗೆ ಸೊಪ್ಪು ಹೊರುವಾಗ ಪುಟ್ಟಸ್ವಾಮಿಗೆ ಎದೆ ಹಿಡಿದುಕೊಂಡಿತು. ಮೈಸೂರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದರು. ನಾನು ನೋಡಲು ಹೋದಾಗ ಮೂಗಿಗೆ ಕೊಳವೆ, ಕೈಗೆ ಕೊಳವೆ. ಅಷ್ಟು ಎತ್ತರದ ಆಳು ಮಂಚದ ಮೇಲೆ ಮಡಿಸಿಟ್ಟ ಪಂಚೆಯ ಹಾಗೆ ಮಲಗಿದ್ದ. ನೋಡುತ್ತಿದ್ದಂತೆ, ನಾನು ಬೇಡವೆಂದರೂ, ಆ ನಾಲ್ಕು ಸ್ವರ ತಲೆಯೊಳಗೆ ತಾವಾಗಿ ಶುರುವಾದವು. ಹಲ್ಲು ಕಚ್ಚಿದರೂ ನಿಲ್ಲಲಿಲ್ಲ. ಹೊರಗೆ ಹೋಗಿ ಟೀ ಕುಡಿದು, ಪಕ್ಕದಲ್ಲಿದ್ದ ಅಪರಿಚಿತನ ಜೊತೆ ಹಾಲಿನ ಫ್ಯಾಟಿನ ವಿಷಯ ಬೇಕೆಂದೇ ಜೋರಾಗಿ ಮಾತಾಡಿದೆ. ಆವತ್ತಿನಿಂದ ಅವನ ಮೇಲಿನ ಹೊಟ್ಟೆಕಿಚ್ಚು ನನಗೆ ಕೈಕೊಟ್ಟಿತು. ಅವನ ಹೆಸರು ಬಂದರೆ ಉರಿಯಬೇಕಾದ ಜಾಗದಲ್ಲಿ ಏನೋ ತಣ್ಣಗೆ ಇಳಿಯುತ್ತಿತ್ತು.

ಅವನು ಚೇತರಿಸಿಕೊಂಡ. ಆದರೆ ಡಾಕ್ಟರು, ಕೂಗುವ ಹಾಗಿಲ್ಲ, ಬೀಳುವ ಹಾಗಿಲ್ಲ, ಪಾರ್ಟು ಅಂತೂ ಬೇಡವೇ ಬೇಡ ಎಂದರು. ತಂಡದವರು ಸೇರಿದಾಗ ಕರ್ಣನ ಪಾರ್ಟು ಯಾರಿಗೆ ಎಂಬ ಮಾತು ಬಂತು. ಪುಟ್ಟಸ್ವಾಮಿಯೇ ಎದ್ದು ನಿಂತು, ‘ಇವ್ನಿಗೆ ಕೊಡಿ ಮೇಷ್ಟ್ರೇ. ನಾನ್ ಸಾಯೋದನ್ನ ಇವ್ನಷ್ಟು ಹತ್ರದಿಂದ ನೋಡಿರೋರು ಯಾರವ್ರೆ?’ ಎಂದು ನನ್ನ ಕಡೆ ಕೈ ತೋರಿಸಿದ. ಕೃಷ್ಣನ ಪಾರ್ಟಿಗೆ ಚನ್ನಪಟ್ಟಣದಿಂದ ಬೇರೊಬ್ಬನನ್ನು ಕರೆತಂದರು. ನನಗೆ ಮೀಸೆ ಅಂಟಿಸಿದರು, ಹಿಮ್ಮಡಿ ಎತ್ತರವಿರುವ ಮೆಟ್ಟು ಹೊಲಿಸಿದರು. ಇನ್ನೇನು ಬೇಕು? ಎಷ್ಟೋ ವರ್ಷ ಕಾದದ್ದು ಕೈಗೆ ಬಂದಿತ್ತು. ತಾಲೀಮಿನಲ್ಲಿ ಮೇಷ್ಟ್ರು ಮಟ್ಟು ಪೂರ್ತಿ ನುಡಿಸುತ್ತಿರಲಿಲ್ಲ, ‘ಇಲ್ಲಿ ಅದು ಬತ್ತದೆ’ ಎಂದು ಕೈಸನ್ನೆ ಮಾಡಿ ಮುಂದೆ ಹೋಗುತ್ತಿದ್ದರು. ನಾಟಕದ ದಿನ ಕೇಳಿಸಿಕೊಂಡರಾಯಿತು ಎಂದು ನಾನೂ ಮುಂದಿನ ಮಾತಿಗೆ ಹೋಗುತ್ತಿದ್ದೆ.

ಆ ದಿನ ರಾಮನಗರದ ಹಾಲಿನಲ್ಲಿ ಮುಂದಿನ ಸಾಲಿನ ನಡುವೆ ಪುಟ್ಟಸ್ವಾಮಿ ಬಿಳಿ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ಅತ್ತಿಗೆ ಜಯಮ್ಮ, ಆಚೆ ನನ್ನ ಹೆಂಡತಿ. ನಾನು ಕವಚ ಕುಂಡಲ ಕಿತ್ತುಕೊಡುವ ಸೀನು ಬಂತು. ನಾನು ನಕ್ಕೆ. ಹಾರ್ಮೋನಿಯಂನಿಂದ ಮೆಲ್ಲಗೆ ಆ ನಾಲ್ಕು ಸ್ವರ ಬಂದವು. ಕಣ್ಣಂಚಿನಲ್ಲೇ ಸಭೆಯ ಕಡೆ ನೋಡಿದೆ. ಹೆಂಗಸರ ಕೈ ಸೆರಗಿಗೆ ಹೋಗಿತ್ತು. ಆದರೆ ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ಇಡೀ ಸಭೆ ಕತ್ತು ಚಾಚಿ ಮುಂದಿನ ಸಾಲಿನ ಬಿಳಿ ಅಂಗಿಯನ್ನು ನೋಡುತ್ತಿತ್ತು.

ಅಷ್ಟು ವರ್ಷ ಆ ಮಟ್ಟು ಕೇಳಿ ಕೇಳಿ ಜನಕ್ಕೆ ಅದು ಕರ್ಣನದ್ದಾಗಿ ಉಳಿದಿರಲಿಲ್ಲ, ಪುಟ್ಟಸ್ವಾಮಿಯದ್ದಾಗಿತ್ತು. ಅದು ಬಂತೆಂದರೆ ಹೋಗುವವನು ಅವನು. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡು ಕೂತವನ ಎದುರಿಗೆ ಅದನ್ನು ನುಡಿಸುತ್ತಾರಲ್ಲ ಎಂದು ಅವರಿಗೆ ಗಾಬರಿ. ಜಯಮ್ಮ ಎದ್ದು ನಿಂತೇಬಿಟ್ಟರು. ‘ಮೇಷ್ಟ್ರೇ, ನಿಮ್ ದಮ್ಮಯ್ಯ, ಅದೊಂದ್ನ ಬಾರಿಸ್‌ಬ್ಯಾಡಿ! ಬೇರೆ ಏನಾದ್ರೂ ಬಾರ್ಸಿ!’ ಮೇಷ್ಟ್ರು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಬೆರಳು ಎತ್ತಿಕೊಂಡರು. ಕುಂತಿ ಬಂದು ತಲೆ ಸವರಿ ಹೋದಳು, ಹಾರ್ಮೋನಿಯಂ ತುಟಿ ಬಿಚ್ಚಲಿಲ್ಲ.

ಸ್ಟೇಜಿನ ಮೇಲೆ ನಿಂತು ನನಗೆ ಮೊದಲು ಬಂದದ್ದು ಕೋಪ. ಬಣ್ಣ ನನ್ನ ಮುಖದ ಮೇಲಿದೆ, ಮೀಸೆ ನನ್ನ ತುಟಿಯ ಮೇಲಿದೆ, ಬಾಣ ನಾಟಬೇಕಾದ್ದು ನನ್ನ ಎದೆಗೆ. ಆದರೂ ಅವನೇ ಕರ್ಣ! ಅದರ ಹಿಂದೆಯೇ ಭಯವೂ ಬಂತು. ನನಗೂ ಆಸ್ಪತ್ರೆಯಲ್ಲಿ ಅದೇ ಕೇಳಿಸಿತ್ತಲ್ಲ. ಬಾರಿಸದಿದ್ದರೇ ಒಳ್ಳೆಯದು ಎಂದು ನನ್ನ ಅರ್ಧ ಮನಸ್ಸು ಹೇಳಿದರೆ, ಇನ್ನರ್ಧ, ನನ್ನ ಗತಿಯೇನು ಎಂದು ಹಲ್ಲು ಕಡಿಯುತ್ತಿತ್ತು.

ಕೊನೆಗೆ ಗಾಲಿ ಹೂತಿತು. ಬಾಣ ಬಂತು. ನಾನು ಗಾಲಿಗೆ ಬೆನ್ನು ಕೊಟ್ಟು ಮಂಡಿ ಊರಿದೆ. ಮೇಷ್ಟ್ರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ತಲೆಯ ಮೇಲೆ ಫ್ಯಾನು ಕಿರ್ ಕಿರ್ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಮಟ್ಟಿಲ್ಲದೆ ಸಾಯುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ? ಯಾವ ಕೈ ಯಾವಾಗ ಸೋಲಬೇಕು, ತಲೆ ಯಾವಾಗ ವಾಲಬೇಕು, ಒಂದೂ ತಿಳಿಯುವುದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾರೋ ಚೀಲ ಹುಡುಕತೊಡಗಿದರು.

ಆಗ ಮುಂದಿನ ಸಾಲಿನಿಂದ ಬಾಯಿ ಮುಚ್ಚಿಕೊಂಡೇ ಗುನುಗುವ ಹಾಗೆ ಆ ನಾಲ್ಕು ಸ್ವರ ಬಂದವು.

‘ಏನಂದ್ರೆ, ಬ್ಯಾಡ ಕಣಿ...’ ಎಂದು ಜಯಮ್ಮ ತೋಳು ಹಿಡಿದರು.

‘ಸುಮ್ಕಿರು,’ ಎಂದ ಪುಟ್ಟಸ್ವಾಮಿ. ಎಲ್ಲರಿಗೂ ಕೇಳಿಸುವ ಹಾಗೆಯೇ ಎಂದ. ‘ವಯಸ್ಸೆಲ್ಲಾ ಇದಕ್ಕೇ ಕಾಯ್ತಾವ್ನೆ ನನ್ ತಮ್ಮ. ಒಸಿ ನೆಮ್ಮದಿಯಾಗಿ ಸಾಯ್ಲಿ ಬುಡು.’

ಸಭೆ ನಕ್ಕಿತು. ನಗು ಮುಗಿಯುವುದರೊಳಗೆ ಅವನು ಬಾಯಿ ತೆರೆದು ಹಾಡತೊಡಗಿದ. ಮಾತಿಲ್ಲ, ಬರೀ ಮಟ್ಟು. ನಾನು ಒಂದೊಂದು ಸಾಲಿಗೆ ಒಂದೊಂದು ಅಂಗ ಸೋಲುತ್ತ ಹೋದೆ. ಎರಡನೆಯ ಸಾಲಿನ ಕೊನೆಗೆ ಉಸಿರನ್ನು ಉದ್ದಕ್ಕೆ ಎಳೆಯಬೇಕು. ಆ ಎದೆ ಅದನ್ನು ತಡೆಯುತ್ತದೆಯೇ ಎಂದು ನಾನು ನನ್ನ ಉಸಿರನ್ನೇ ಹಿಡಿದೆ. ಎಳೆದ, ನಿಲ್ಲಿಸಿದ, ಮುಂದಿನ ಸಾಲಿಗೆ ಹೋದ. ಮೇಷ್ಟ್ರು ಮೆಲ್ಲಗೆ ಬರೀ ಶ್ರುತಿ ಹಿಡಿದರು. ಕೊನೆಯ ಸ್ವರಕ್ಕೆ ನಾನು ತಲೆ ವಾಲಿಸಿದೆ. ಸಭೆಯಲ್ಲಿ ಸೊರಸೊರ ಸದ್ದು ಕೇಳಿತು. ಒಂದು ಕಣ್ಣನ್ನು ಚೂರೇ ಚೂರು ತೆರೆದು ನೋಡಿದೆ. ಎಲ್ಲರೂ ಅಳುತ್ತಿದ್ದರು, ಎಲ್ಲರೂ ಅವನನ್ನೇ ನೋಡಿಕೊಂಡು ಅಳುತ್ತಿದ್ದರು. ನನ್ನ ಹೆಂಡತಿಯೂ!

ಸಂಜೆ ಪುಟ್ಟಸ್ವಾಮಿ, ಜಯಮ್ಮ ಇಬ್ಬರನ್ನೂ ಹೊಂಗನೂರಿಗೆ ಬಿಟ್ಟುಬರಲು ಓಮ್ನಿಯಲ್ಲಿ ಹೊರಟೆವು. ನಾನು ಕಾರು ಓಡಿಸುತ್ತಿದ್ದೆ, ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿರಲಿಲ್ಲ. ಪುಟ್ಟಸ್ವಾಮಿ ಪಕ್ಕದಲ್ಲಿ, ಹೆಂಗಸರು ಹಿಂದೆ. ಭಾವ ಎಷ್ಟು ಚೆನ್ನಾಗಿ ಹಾಡಿದರು ಎಂದು ಹಿಂದಿನ ಸೀಟಿನಲ್ಲಿ ಮಾತು ನಡೆದಿತ್ತು. ನಾನು ಹೇಗೆ ಸತ್ತೆ ಎಂದು ಒಂದು ನರಪಿಳ್ಳೆಯೂ ಹೇಳಲಿಲ್ಲ.

‘ಹೆಂಗಿತ್ಲಾ?’ ಎಂದ ಪುಟ್ಟಸ್ವಾಮಿ.

‘ಯಾವ್ದಣ್ಣ?’

‘ನನ್ ಹಾಡು.’

ಬದುಕಿನಲ್ಲಿ ಮೊದಲ ಸಲ ಸತ್ತಿದ್ದೇನೆ, ಇವನಿಗೆ ಇವನ ಹಾಡಿನ ಚಿಂತೆ! ಹೊಟ್ಟೆಯ ತಳದಿಂದ ಧಗ್ಗನೆ ಉರಿ ಎದ್ದಿತು. ಆಸ್ಪತ್ರೆಯಲ್ಲಿ ಅವನನ್ನು ನೋಡಿ ಬಂದಂದಿನಿಂದ ಕಾಣದಿದ್ದ ಉರಿ. ಹಳೆಯ ನೆಂಟ ಬಾಗಿಲು ತಟ್ಟಿದ ಹಾಗಾಗಿ, ಎದುರಿನ ರಸ್ತೆ ಒಂದು ಕ್ಷಣ ಮಂಜುಮಂಜಾಯಿತು.

‘ಎರಡ್ನೇ ಸಾಲಲ್ಲಿ ಶ್ರುತಿ ಬುಟ್ಬುಟ್ಟೆ ಕಣಣ್ಣ’ ಎಂದೆ.

‘ಸುಳ್ಳು ಬೊಗಳ್‌ಬ್ಯಾಡ. ಎಲ್ಲಿ ಬುಟ್ಟೆ? ಕೇಳೀಗ’ ಎಂದು ಅವನು ಸೆಟೆದು ಕೂತು ಆ ಸಾಲನ್ನು ಮತ್ತೆ ಹಾಡಿ ತೋರಿಸಿದ. ಹಿಂದೆ ಜಯಮ್ಮ ಕಿವಿ ಮುಚ್ಚಿಕೊಂಡರು.

‘ಈಗ ಉಸ್ರು ಗಿಡ್ಡ ಆಯ್ತು’ ಎಂದೆ.

ಇನ್ನೊಂದು ಸಲ ಹಾಡಿದ. ಈ ಸಲ ಉಸಿರು ಬೇಕಾದ್ದಕ್ಕಿಂತಲೂ ಉದ್ದಕ್ಕೆ ನಿಂತಿತು. ಅದಕ್ಕೂ ಒಂದು ತಪ್ಪು ಹೇಳಿದೆ. ಹೊಂಗನೂರು ಬರುವವರೆಗೂ ಅವನು ಹಾಡುತ್ತಲೇ ಇದ್ದ, ನಾನು ಇಲ್ಲದ ತಪ್ಪು ಹುಡುಕುತ್ತಲೇ ಇದ್ದೆ.